ಎದೆ ಓಡುವಾಗ ಇಲ್ಲದ ಇಸಿಜಿ, ನಿಂತ ಮೇಲೆ ಯಾಕೆ?

"ಇಸಿಜಿ ನಾರ್ಮಲ್ ಐತಿ, ಏನೂ ಆಗಿಲ್ಲ, ಟೆನ್ಷನ್ ಮಾಡ್ಕೋಬ್ಯಾಡ್ರಿ."

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಈ ಮಾತು ಕೇಳಿಸಿಕೊಂಡು ಮನೆಗೆ ವಾಪಸ್ ಬಂದವರು ಬಹಳ ಜನ. ಅದರಲ್ಲೂ ಹೆಣ್ಣುಮಕ್ಕಳು. ನಾವು ಇವತ್ತು ಜಗಳಕ್ಕೆ ನಿಂತಿರುವುದು ಈ ಮಾತಿನ ಜೊತೆಗೇ.

ಮಾತು ಸುಳ್ಳಲ್ಲ. ಕಾಗದದ ಮೇಲೆ ಬಂದದ್ದು ನಾರ್ಮಲ್ಲೇ. ಆದರೆ ಆ ಕಾಗದ ತೆಗೆದದ್ದು ಎದೆ ಓಡುವಾಗ ಅಲ್ಲ, ಓಡಿ ಸುಮ್ಮನಾದ ಮೇಲೆ. ಕಳ್ಳ ಓಡಿ ಹೋದ ಮೇಲೆ ಖಾಲಿ ಮನೆಯ ಫೋಟೋ ಹೊಡೆದು "ನೋಡ್ರಿ, ಇಲ್ಲಿ ಕಳ್ಳ ಇಲ್ಲ" ಅಂದರೆ ಕಳವು ಆಗಿಲ್ಲ ಎಂದು ಅರ್ಥವೇ?

ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಬಗ್ಗಿದ್ದಾಳೆ, ಎದ್ದಿದ್ದಾಳೆ. ಒಮ್ಮೆಲೇ ಯಾರೋ ಸ್ವಿಚ್ ಒತ್ತಿದಂತೆ ಎದೆ ಓಡಲು ಶುರು. ನಿಮಿಷಕ್ಕೆ 150, 180, ಕೆಲವರಿಗೆ 200ರ ಮೇಲೆ. ಕಣ್ಣು ಕತ್ತಲೆ, ಮೈ ಬೆವರು, ಕುತ್ತಿಗೆಯಲ್ಲಿ ಡವಡವ. ಹತ್ತು ನಿಮಿಷವೋ, ಎರಡು ತಾಸೋ. ಆಮೇಲೆ ಅದೇ ಸ್ವಿಚ್ ಆಫ್ ಆದಂತೆ ನಿಂತುಬಿಡುತ್ತದೆ. ಬದುವಿನ ಮೇಲೆ ಕುಳಿತು ನೀರು ಕುಡಿದು ಮತ್ತೆ ಗದ್ದೆಗೆ ಇಳಿಯುತ್ತಾಳೆ. ಸಂಜೆ ಊರಲ್ಲಿ ಅದಕ್ಕೆ ಹೆಸರು ಇಡುವವರು ನೂರು ಜನ: ಗ್ಯಾಸು, ರಕ್ತ ಕಮ್ಮಿ, ಬಿಸಿಲು, ಗಾಳಿ ಸೋಕಿದ್ದು, ಅತ್ತೆ ಜೊತೆ ಜಗಳ. ತಾಯಿತ ಕಟ್ಟುತ್ತಾರೆ. ಆರ್‌ಎಂಪಿ ಹತ್ತಿರ ಒಂದು ಸಲೈನ್ ಹಚ್ಚಿಸುತ್ತಾರೆ. ಒಂದು ಹೆಸರು ಮಾತ್ರ ಯಾರೂ ಹೇಳುವುದಿಲ್ಲ. ಅದು ಹೃದಯದ ಲಯ ತಪ್ಪುವ ಕಾಯಿಲೆ. ಬಗ್ಗಿ ಏಳುವುದು ಈ ಕಾಯಿಲೆಯನ್ನು ಎಬ್ಬಿಸುವ ಕಾರಣಗಳಲ್ಲಿ ಒಂದು ಎಂದು ವೈದ್ಯರಿಗೆ ಗೊತ್ತು. ದಿನವಿಡೀ ಬಗ್ಗಿ ದುಡಿಯುವವರಿಗೆ ಯಾರೂ ತಿಳಿಸಿಲ್ಲ.

ಇದು ಹಳ್ಳಿಯವರ ಅಜ್ಞಾನ ಎಂದು ನಗುವವರಿಗೆ ಒಂದು ಮಾತು. 1997ರಲ್ಲಿ ಅಮೆರಿಕದಲ್ಲಿ ಇಂಥ 107 ರೋಗಿಗಳ ಹಿಂದಿನ ದಾಖಲೆ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೊದಲ ತಪಾಸಣೆಯಲ್ಲಿ ಕಾಯಿಲೆ ಪತ್ತೆಯಾಗಿರಲಿಲ್ಲ. "ಮನಸ್ಸಿನ ಗಾಬರಿ" ಎಂದು ಹೇಳಿಸಿಕೊಂಡವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಅಷ್ಟೆಲ್ಲ ಯಂತ್ರ ಇದ್ದ ದೇಶದಲ್ಲೇ ಹೀಗಾದರೆ, ನಮ್ಮ ಹೆಣ್ಣುಮಕ್ಕಳ ಎದೆಬಡಿತವನ್ನು "ಟೆನ್ಷನ್" ಎಂದು ತಳ್ಳಿಹಾಕುವ ಮುಂಚೆ ಯಾರಾದರೂ ಎರಡು ಸಲ ಯೋಚಿಸಬೇಡವೇ? ಈ ಗುಂಪಿನ ಅತಿ ಸಾಮಾನ್ಯ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು.

ಕಳ್ಳ ತೂಬು

ನಮ್ಮ ಸಿಟ್ಟಿಗೆ ಕಾರಣ ತಿಳಿಯಬೇಕಾದರೆ, ಇದಕ್ಕೆ ಚಿಕಿತ್ಸೆ ಹೇಗೆ ಎಂದು ಮೊದಲು ತಿಳಿಯಬೇಕು.

ಹೃದಯ ಬಡಿಯುವುದು ಕರೆಂಟಿನಿಂದ. ಮೇಲ್ಭಾಗದಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಅಲೆ ನಡುವಿನ ಒಂದೇ ದಾರಿಯಲ್ಲಿ ಕೆಳಗಿಳಿದು ಇಡೀ ಹೃದಯವನ್ನು ಹಿಂಡುತ್ತದೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ 60ರಿಂದ 100 ಸಲ. ಎಡದಂಡೆ ಕಾಲುವೆಯ ನೀರು ತೂಬಿನ ಮೂಲಕ ಸರದಿ ಪ್ರಕಾರ ಗದ್ದೆಗೆ ಇಳಿದಂತೆ.

ಕೆಲವರಲ್ಲಿ ಹುಟ್ಟಿನಿಂದಲೇ ಇನ್ನೊಂದು ದಾರಿ ಇರುತ್ತದೆ. ಅದನ್ನು ಕಳ್ಳ ತೂಬು ಎನ್ನೋಣ. ಕೆಳಗೆ ಹೋದ ಕರೆಂಟು ಈ ಕಳ್ಳ ತೂಬಿನಿಂದ ಮತ್ತೆ ಮೇಲೆ ಬಂದು, ಮತ್ತೆ ಕೆಳಗಿಳಿದು, ಗಾಣದ ಎತ್ತಿನ ಹಾಗೆ ಸುತ್ತತೊಡಗುತ್ತದೆ. ಸುತ್ತಿದಷ್ಟು ಸಲ ಎದೆ ಬಡಿಯುತ್ತದೆ. ಇಂಥ ಒಂದು ಬಗೆಯನ್ನು ವುಲ್ಫ್, ಪಾರ್ಕಿನ್‌ಸನ್, ವೈಟ್ ಎಂಬ ಮೂವರು ವೈದ್ಯರು 1930ರಲ್ಲೇ ಬರೆದಿಟ್ಟಿದ್ದಾರೆ. ಅಂದರೆ ಇದು ಹೊಸ ಕಾಯಿಲೆ ಅಲ್ಲ.

ಮಾತ್ರೆ ಈ ತೂಬನ್ನು ಮುಚ್ಚುವುದಿಲ್ಲ, ನೀರಿನ ಓಟ ತಗ್ಗಿಸುತ್ತದೆ ಅಷ್ಟೇ. ಮುಚ್ಚುವುದು ಕ್ಯಾತೀಟರ್. ತೊಡೆಸಂದಿಯ ರಕ್ತನಾಳದಲ್ಲಿ ಸೂಜಿ ಚುಚ್ಚಿ, ಹೆಚ್ಚಿನವರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ತೆಳ್ಳನೆಯ ತಂತಿಯಂಥ ನಳಿಗೆಗಳನ್ನು ಹೃದಯದೊಳಕ್ಕೆ ತಳ್ಳುತ್ತಾರೆ. ಎದೆ ಸೀಳುವುದಿಲ್ಲ. ನಳಿಗೆ ಎಲ್ಲಿದೆ ಎಂದು ಎಕ್ಸ್‌ರೇ ಪರದೆಯಲ್ಲಿ ಕಾಣುತ್ತದೆ. ನಳಿಗೆಯ ತುದಿ ಒಳಗಿನ ಕರೆಂಟನ್ನು ಮುಟ್ಟಿ ಮುಟ್ಟಿ ಅಳೆಯುತ್ತದೆ. ಈಗಿನ 3ಡಿ ಯಂತ್ರಗಳು ಹೃದಯದ ಒಳಗಿನ ನಕ್ಷೆಯನ್ನೇ ಕಂಪ್ಯೂಟರಿನಲ್ಲಿ ಬಣ್ಣ ಹಾಕಿ ಬಿಡಿಸುತ್ತವೆ: ಕರೆಂಟು ಮೊದಲು ತಲುಪಿದ ಜಾಗ ಕೆಂಪು, ಕೊನೆಗೆ ತಲುಪಿದ್ದು ನೇರಳೆ. ಇದರಿಂದ ಎಕ್ಸ್‌ರೇ ಬಳಕೆಯೂ ಕಡಿಮೆಯಾಗುತ್ತದೆ. ವೈದ್ಯರು ಬೇಕೆಂದೇ ಎದೆ ಓಡುವಂತೆ ಮಾಡಿ, ಕಳ್ಳ ತೂಬು ಎಲ್ಲಿದೆ ಎಂದು ಹಿಡಿದು, ನಳಿಗೆಯ ತುದಿಯನ್ನು ಅಲ್ಲಿಟ್ಟು ಬಿಸಿ ಮಾಡುತ್ತಾರೆ. ಕೆಲವೇ ಮಿಲಿಮೀಟರ್ ಜಾಗ ಸುಡುತ್ತದೆ. ತೂಬು ಬಂದ್.

ಇದನ್ನೇ ಅಬ್ಲೇಶನ್ ಎನ್ನುತ್ತಾರೆ. ಕಳ್ಳ ದಾರಿಯ ಈ ಕಾಯಿಲೆಗಳಲ್ಲಿ ನೂರಕ್ಕೆ 95 ಜನರ ಆಸುಪಾಸು ಗುಣವಾಗುತ್ತಾರೆ. ಒಂದರಿಂದ ಮೂರು ತಾಸಿನ ಕೆಲಸ, ಹೆಚ್ಚಿನವರು ಮಾರನೇ ದಿನ ಮನೆಗೆ. ಅಪಾಯ ಇಲ್ಲವೇ ಇಲ್ಲ ಎನ್ನುವುದಿಲ್ಲ. ಕಳ್ಳ ತೂಬು ಅಸಲಿ ತೂಬಿನ ಪಕ್ಕದಲ್ಲೇ ಇದ್ದಾಗ, ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಜನರಿಗೆ ಅಸಲಿ ದಾರಿಗೇ ಪೆಟ್ಟು ಬಿದ್ದು ಪೇಸ್‌ಮೇಕರ್ ಬೇಕಾಗಬಹುದು. ಇದನ್ನು ಮೊದಲೇ ಹೇಳಿ ಸಹಿ ಹಾಕಿಸಿಕೊಳ್ಳಬೇಕು.

ಎಲ್ಲ ಎದೆಬಡಿತಕ್ಕೂ ಇದೇ ಮದ್ದು ಎಂದೂ ನಾವು ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಬಾವು ಬಂದು ಹೃದಯದ ಕವಾಟ ಕೆಟ್ಟವರಲ್ಲಿ ಲಯ ತಪ್ಪಿದರೆ ಅದರ ದಾರಿಯೇ ಬೇರೆ. ಅವರಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ಬೇಕು, ಆ ಮಾತ್ರೆಯ ಅಳತೆಗೆ ಪದೇಪದೇ ರಕ್ತಪರೀಕ್ಷೆ ಬೇಕು. ಇಲ್ಲದಿದ್ದರೆ ಲಕ್ವ ಹೊಡೆಯುವ ಭಯ. ಹೃದಯಾಘಾತದ ಗಾಯ ಇರುವವರಿಗೆ ಕೆಳಕೋಣೆಯಿಂದ ಓಟ ಶುರುವಾದರೆ ಅದು ಜೀವಕ್ಕೇ ಕುತ್ತು. ಯಾವುದು ಯಾವುದು ಎಂದು ಬೇರ್ಪಡಿಸಿ ತೋರಿಸುವುದು ಒಂದೇ ಒಂದು ವಸ್ತು. ಎದೆ ಓಡುತ್ತಿರುವಾಗಲೇ ತೆಗೆದ ಇಸಿಜಿ ಕಾಗದ.

ಇಲ್ಲೇ ನಮ್ಮ ತಕರಾರು. ಲಕ್ಷಗಟ್ಟಲೆ ಬೆಲೆಯ ಚಿಕಿತ್ಸೆಯ ಬಾಗಿಲು ತೆರೆಯುವ ಬೀಗದಕೈ ಒಂದು ಅಡಿ ಉದ್ದದ ಕಾಗದ. ಆ ಕಾಗದ ನಮಗೆ ಸಿಗುತ್ತಿಲ್ಲ.

ಗಡ್ಡೆಯಿಂದ ಅಳೆದು ನೋಡಿ

ವಿರೂಪಾಪುರಗಡ್ಡೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಎದುರಿಗೆ ಹಂಪಿಯ ವಿರೂಪಾಕ್ಷ ಗುಡಿಯ ಗೋಪುರ ಕಾಣುತ್ತದೆ. ದೋಣಿಯಲ್ಲಿ ಕೆಲವೇ ನಿಮಿಷ. ಅಲ್ಲಿಂದ ಹೊಸಪೇಟೆ ಹದಿಮೂರು ಕಿಲೋಮೀಟರ್. ಆದರೆ ಡ್ಯಾಮಿನಿಂದ ನೀರು ಬಿಟ್ಟರೆ ದೋಣಿ ಬಂದ್. ಆಗ ಸುತ್ತು ಹಾಕಿ ಸುಮಾರು 40 ಕಿಲೋಮೀಟರ್ ಹೋಗಬೇಕು. ಆನೆಗೊಂದಿ ಹತ್ತಿರ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿಯಿತು. 2019ರ ಆಗಸ್ಟ್ ಪ್ರವಾಹದಲ್ಲಿ ಈ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಹೊರತರಲು ಹೆಲಿಕಾಪ್ಟರ್ ಬಂತು. ಬರಬೇಕಾದ್ದೇ. ಒಂದೇ ಪ್ರಶ್ನೆ: ಪ್ರವಾಸಿಗರಿಗೆ ಹೆಲಿಕಾಪ್ಟರ್ ತರಬಲ್ಲ ಸರ್ಕಾರಕ್ಕೆ ಇಲ್ಲಿಯೇ ಹುಟ್ಟಿ ಇಲ್ಲಿಯೇ ದುಡಿಯುವವರ ಹತ್ತಿರಕ್ಕೆ ಇಸಿಜಿ ಯಂತ್ರ ತರಲು ಏನು ಅಡ್ಡಿ?

ಎದೆ ಓಡತೊಡಗಿದರೆ ಗಡ್ಡೆಯಿಂದ ಆನೆಗೊಂದಿ ದಾಟಿ ಗಂಗಾವತಿ ಮುಟ್ಟಬೇಕು. ಗಾಡಿ ಹುಡುಕಿ, ಹೊರಟು, ಚೀಟಿ ಮಾಡಿಸಿ, ಸರದಿ ಬಂದು ಮಲಗುವಷ್ಟರಲ್ಲಿ ಓಟ ನಿಂತಿರುತ್ತದೆ. ಇಸಿಜಿ ನಾರ್ಮಲ್! ಅಲ್ಲಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್, ಕಲಬುರಗಿ 200ಕ್ಕೂ ಮಿಕ್ಕಿ. ನಾರ್ಮಲ್ ಕಾಗದ ಹಿಡಿದು ಅಷ್ಟು ದೂರ ಯಾರು ಹೋಗುತ್ತಾರೆ? ಒಂದು ದಿನದ ಕೂಲಿ ಬಿಟ್ಟು ಹೋಗುವುದೇ ಕಷ್ಟ.

ಪಕ್ಕದ ಅಂಜನಾದ್ರಿ ನೋಡಿ. 575 ಮೆಟ್ಟಿಲು. ದಿನವೂ ಸಾವಿರಾರು ಜನ ಏದುಸಿರು ಬಿಡುತ್ತಾ ಹತ್ತುತ್ತಾರೆ. 2022ರ ಬಜೆಟ್‌ನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಹನುಮಪ್ಪನ ಬೆಟ್ಟಕ್ಕೆ ದುಡ್ಡು ಬಂದರೆ ನಮಗೆ ಸಂತೋಷವೇ. ಆ ದುಡ್ಡಿನ ಸಣ್ಣ ಚೂರಿನಲ್ಲಿ ಬೆಟ್ಟದ ಕೆಳಗೆ ಒಂದು ಇಸಿಜಿ ಯಂತ್ರ, ಅದನ್ನು ನಡೆಸುವ ಒಬ್ಬ ನರ್ಸ್ ಯಾವಾಗಲೂ ಇರಬೇಕು ಎನ್ನುವುದು ದುರಾಸೆಯೇ? ಲಕ್ಷ್ಮಣ ಬಿದ್ದಾಗ ಹನುಮಂತ ಅವನನ್ನು ಬೆಟ್ಟಕ್ಕೆ ಹೊತ್ತುಕೊಂಡು ಹೋಗಲಿಲ್ಲ. ಬೆಟ್ಟವನ್ನೇ ಅವನು ಬಿದ್ದಲ್ಲಿಗೆ ತಂದ.

ಶಿಬಿರದ ಫೋಟೋ ಸಾಕು

ಈ ಜಗಳದಲ್ಲಿ ನಮಗೆ ಮೂರು ಬಗೆಯ ಉತ್ತರ ಸಿಗುತ್ತವೆ.

ಮೊದಲನೆಯದು, "ನಾವು ಹೃದಯ ತಪಾಸಣೆ ಶಿಬಿರ ಮಾಡ್ತೀವಲ್ಲ." ಮಾಡುತ್ತೀರಿ. ಶಾಮಿಯಾನ, ಹಾರ, ಫೋಟೋ, ಬಿಪಿ, ಶುಗರ್, ಒಂದು ಇಸಿಜಿ. ಬಿಪಿ, ಶುಗರ್ ಹಿಡಿಯಲು ಶಿಬಿರ ಒಳ್ಳೆಯದೇ. ಆದರೆ ಬಂದು ಹೋಗುವ ಈ ಲಯದ ಕಾಯಿಲೆ ಶಿಬಿರದ ದಿನ, ಶಿಬಿರದ ಹೊತ್ತಿಗೆ ಬರುವುದಿಲ್ಲ. ಕೆಲವರ ಕಳ್ಳ ದಾರಿಯ ಗುರುತು ಸುಮ್ಮನಿದ್ದಾಗಲೂ ಕಾಗದದಲ್ಲಿ ಕಾಣುವುದುಂಟು, ಬಹಳ ಜನರಿಗೆ ಕಾಣುವುದೇ ಇಲ್ಲ. ಶಿಬಿರದಿಂದ ಇಂಥವರು ಮನೆಗೆ ತರುವುದು ಸಮಾಧಾನದ ಸುಳ್ಳನ್ನು.

ಎರಡನೆಯದು, "ಹೃದಯ ಜ್ಯೋತಿ ಯೋಜನೆ ಇದೆಯಲ್ಲ." ಇದೆ, ಅದು ಒಳ್ಳೆಯ ಯೋಜನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸರ್ಕಾರ ತಂದದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುವುದು, ಹೃದಯಾಘಾತವಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವುದು ಅದರ ಕೆಲಸ. ನಮ್ಮ ವಾದ ಇಷ್ಟೇ: ಯಂತ್ರ ಬಂದಿದೆ, ತಂತಿ ಜೋಡಿಸಿದೆ, ಆ ಕಡೆ ತಜ್ಞರು ಕೂತಿದ್ದಾರೆ. ಅದನ್ನು ಎದೆನೋವಿಗೆ ಮಾತ್ರ ಯಾಕೆ ಇಟ್ಟುಕೊಳ್ಳಬೇಕು? "ಎದೆ ಓಡ್ತೈತ್ರಿ" ಎಂದು ಬಂದವರಿಗೂ ಚೀಟಿಗಿಂತ ಮುಂಚೆ ಇಸಿಜಿ ಎಂಬ ನಿಯಮ ಮಾಡಲು ಹೊಸ ದುಡ್ಡು ಎಷ್ಟು ಬೇಕು?

ಮೂರನೆಯದು ರಾಜಕೀಯದವರ ಭಾಷಣ: "ಪ್ರತಿ ತಾಲ್ಲೂಕಿಗೂ ಕ್ಯಾತ್‌ಲ್ಯಾಬ್ ತರ್ತೀವಿ." ದಯವಿಟ್ಟು ಬೇಡ. ಕಟ್ಟಡ ಕಟ್ಟಿ, ರಿಬ್ಬನ್ ಕತ್ತರಿಸಿ, ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ ಬೀಗ ಹಾಕುವುದನ್ನು ನಮ್ಮ ಭಾಗ ಸಾಕಷ್ಟು ನೋಡಿದೆ. ಲಯದ ಚಿಕಿತ್ಸೆ ಯಂತ್ರದ ಕೆಲಸವಲ್ಲ, ಕೈಯ ಕೆಲಸ. ಹೃದಯ ತಜ್ಞರಾದ ಮೇಲೂ ಇದನ್ನೇ ಬೇರೆಯಾಗಿ ಕಲಿಯಬೇಕು. ತಿಂಗಳಿಗೆ ಒಂದು ಕೇಸು ಮಾಡುವ ಕೈಗಿಂತ ವಾರಕ್ಕೆ ಹತ್ತು ಮಾಡುವ ಕೈ ನಮಗೆ ಬೇಕು. ಆ ಕೈ ನಾಲ್ಕಾರು ಕಡೆ ಇದ್ದರೆ ಸಾಕು, ಅಲ್ಲಿಗೆ ಮುಟ್ಟುವ ದಾರಿ ಮಾತ್ರ ಹಳ್ಳಿಯಿಂದಲೇ ಶುರುವಾಗಬೇಕು.

ಹಾಸನವನ್ನು ನೆನಪಿಸಿಕೊಳ್ಳಿ. 2025ರ ಜೂನ್, ಜುಲೈನಲ್ಲಿ ಅಲ್ಲಿ ಹಠಾತ್ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಾವು ಟಿವಿಗೆ ಬಂದರೆ ಎಲ್ಲರೂ ಓಡುತ್ತಾರೆ. ಸಾಯಿಸದೆ ಇಪ್ಪತ್ತು ವರ್ಷ ಹಿಂಸೆ ಕೊಡುವ ಕಾಯಿಲೆಗೆ ಟಿವಿ ಇಲ್ಲ, ಸಮಿತಿಯೂ ಇಲ್ಲ. ಅದು ಬಾವಿಗೆ ಒಬ್ಬಳೇ ಹೋಗಲು ಹೆದರುವ ಹೆಂಗಸಿನಲ್ಲಿ, ಬೈಕ್ ಓಡಿಸುವುದನ್ನೇ ಬಿಟ್ಟ ಹುಡುಗನಲ್ಲಿ, "ಇವಳಿಗೆ ಏನೋ ಐತಿ" ಎಂದು ಸಂಬಂಧ ತಪ್ಪಿಸಿಕೊಂಡ ಮಗಳಲ್ಲಿ ಅಡಗಿ ಕುಳಿತಿರುತ್ತದೆ.

ನಮಗೆ ಬೇಕಾದದ್ದು ನಾಲ್ಕು

ಒಂದು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ಇಸಿಜಿ ಯಂತ್ರ, ಅದರಲ್ಲಿ ಕಾಗದ, ತೆಗೆಯಲು ಬರುವ ಸಿಬ್ಬಂದಿ. 108 ಗಾಡಿಯಲ್ಲೂ ಅಷ್ಟೇ. ತೆಗೆದ ಕಾಗದದ ಪ್ರತಿ ರೋಗಿಯ ಕೈಗೆ ಬರಬೇಕು. ಅದು ಆಸ್ಪತ್ರೆಯ ಫೈಲಿನಲ್ಲಿ ಉಳಿದರೆ ಪ್ರಯೋಜನವಿಲ್ಲ.

ಎರಡು. ಓಟ ನಿಲ್ಲಿಸುವ ಸರಳ ವಿಧಾನ ಎಲ್ಲ ಸಿಬ್ಬಂದಿಗೂ ಗೊತ್ತಿರಬೇಕು. 2015ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಮಾಡಿದರು. ರೋಗಿಯನ್ನು ಒರಗಿ ಕೂಡಿಸಿ 15 ಸೆಕೆಂಡು ಬಿಗಿಯಾಗಿ ಊದಿಸುವುದು, ತಕ್ಷಣ ಅಂಗಾತ ಮಲಗಿಸಿ ಕಾಲುಗಳನ್ನು 15 ಸೆಕೆಂಡು ಮೇಲೆತ್ತಿ ಹಿಡಿಯುವುದು. ಬರೀ ಊದಿಸಿದಾಗ ನೂರಕ್ಕೆ 17 ಜನರ ಎದೆ ತಹಬಂದಿಗೆ ಬಂದರೆ, ಕಾಲೆತ್ತಿದಾಗ 43 ಜನರದ್ದು ಬಂತು. ಖರ್ಚು ಸೊನ್ನೆ. ಅದಕ್ಕೂ ನಿಲ್ಲದಿದ್ದರೆ ಅಡಿನೋಸಿನ್ ಎಂಬ ಇಂಜೆಕ್ಷನ್ ಇದೆ, ಸೆಕೆಂಡುಗಳಲ್ಲಿ ಕೆಲಸ ಮಾಡುತ್ತದೆ. ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಯಾವಾಗಲೂ ಇರಬೇಕು, ಮಾನಿಟರ್ ಹಚ್ಚಿ, ಇಸಿಜಿ ನೋಡಿದ ವೈದ್ಯರೇ ಕೊಡಬೇಕು. ಯಾಕೆಂದರೆ ಕೆಲವು ಬಗೆಯ ಓಟಕ್ಕೆ ಅದು ತಿರುಗುಬಾಣವಾಗುತ್ತದೆ.

ಮೂರು. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಯ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಹಾಸಿಗೆಯ ಲೆಕ್ಕ 371(ಜೆ) ಕಲಮಿನ ನೆನಪಿಗೆ. 2013ರಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಕಲಮು ಅದು. ಹಾಗಾದರೆ ಆ ಲೆಕ್ಕದಲ್ಲಿ ಲಯದ ರೋಗಿಗೂ ಪಾಲು ಇರಲಿ. ಲಯದ ತಜ್ಞರ ತಂಡ ಅಲ್ಲಿ ಯಾವ ವಾರ ಯಾವ ದಿನ ಸಿಗುತ್ತದೆ, ಅಬ್ಲೇಶನ್‌ಗೆ ಎಷ್ಟು ದಿನದ ಸರದಿ ಇದೆ ಎಂದು ಕೊಪ್ಪಳ ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಕನ್ನಡದಲ್ಲಿ ಬರೆದು ಹಾಕಲಿ. ತಜ್ಞರು ಕಡಿಮೆ ಇದ್ದರೆ ಬೆಂಗಳೂರಿನಿಂದ ತಿಂಗಳಿಗೆ ಇಷ್ಟು ದಿನ ಎಂದು ಕರೆತರಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ತಜ್ಞರು ಡ್ಯಾಮಿಗೇ ಬಂದರು, ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂಡಿಸಿದರು. ಮನಸ್ಸು ಮಾಡಿದರೆ ಆಗುತ್ತದೆ ಎಂದು ನಾವು ಕಣ್ಣಾರೆ ಕಂಡಿದ್ದೇವೆ.

ನಾಲ್ಕು. ಆಯುಷ್ಮಾನ್ ಭಾರತ್ ಯೋಜನೆಯ ಚಿಕಿತ್ಸೆಗಳ ಪಟ್ಟಿಯಲ್ಲಿ ಹೃದಯದ ಕರೆಂಟು ಪರೀಕ್ಷೆಯೂ ಅಬ್ಲೇಶನ್ನೂ ಇವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಮಿತಿ ಇದೆ. ಇದನ್ನು ಆಶಾ ಅಕ್ಕಂದಿರಿಗೆ ಹೇಳಿಕೊಡಲಿ, ಅವರ ಬಾಯಿಂದ ಹೇಳಿಸಲಿ. ಅವರು ಹೇಳಿದರೆ ಮನೆಮನೆಗೂ ಮುಟ್ಟುತ್ತದೆ. ಜೊತೆಗೆ ರೋಗಿ ಮತ್ತು ಜೊತೆಗಾರರ ಬಸ್ ಚಾರ್ಜು, ಊಟದ ಖರ್ಚು ಕೊಡಲಿ. ಚಿಕಿತ್ಸೆ ಪುಕ್ಕಟೆ ಇದ್ದರೂ ಹೋಗಿಬರುವ ಖರ್ಚಿಗೆ ಹೆದರಿ ಕುಳಿತವರಿದ್ದಾರೆ.

ಸರ್ಕಾರ ಮಾಡುವ ತನಕ ನೀವು ಸುಮ್ಮನೆ ಕೂಡಬೇಡಿ. ಎದೆ ಓಡಿದಾಗ ಫೋನ್ ತೆಗೆದು ಟೈಮ್ ನೋಡಿ. ಮಣಿಕಟ್ಟಿನಲ್ಲಿ ನಾಡಿ ಹಿಡಿದು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಏನು ಮಾಡುತ್ತಿದ್ದಿರಿ ಎಂದು ಬರೆದಿಡಿ. ಹತ್ತಿರದಲ್ಲಿ ಎಲ್ಲಿ ಇಸಿಜಿ ಇದೆ ಎಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ, ಓಟ ನಿಲ್ಲುವ ಮುಂಚೆ ಅಲ್ಲಿಗೆ ಹೋಗಿ. ಕಾಗದ ಕೇಳಿ ಪಡೆಯಿರಿ, ಅದರ ಫೋಟೋ ಫೋನಿನಲ್ಲಿ ಇಡಿ, ಅಚ್ಚು ಬೇಗ ಮಾಸುತ್ತದೆ. ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಉಸಿರು ಕಟ್ಟಿದರೆ ಎಣಿಸುತ್ತಾ ಕೂರಬೇಡಿ, ನೇರ 108ಕ್ಕೆ ಫೋನ್ ಹಚ್ಚಿ. ಮನೆಯಲ್ಲಿ ಸಣ್ಣ ವಯಸ್ಸಿನವರು ಹಠಾತ್ ತೀರಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ.

ಮುಂದಿನ ಗ್ರಾಮ ಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ಎತ್ತಿ: "ನಮ್ಮ ಆಸ್ಪತ್ರೆಯ ಇಸಿಜಿ ಯಂತ್ರ ಎಲ್ಲಿ? ರಾತ್ರಿ ಎಂಟಕ್ಕೆ ಬಂದರೆ ಯಾರು ತೆಗೀತಾರೆ?" ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಫೋಟೋ ಹೊಡೆದು ನಮಗೆ ಕಳಿಸಿ. ಊರ ಹೆಸರಿನ ಸಮೇತ ಒಂದೊಂದಾಗಿ ಇಲ್ಲಿ ಹಾಕುತ್ತೇವೆ. ಯಂತ್ರ ಇರುವ ಊರನ್ನು ಹೊಗಳುತ್ತೇವೆ. ಇಲ್ಲದ ಊರಿನ ಹೆಸರನ್ನು ಯಂತ್ರ ಬರುವ ತನಕ ತೆಗೆಯುವುದಿಲ್ಲ.